ದ್ರಾಕ್ಷಿ ಬೇರಿನಾಗ ಬೂಜಿನ ಅಂಗಡಿ!

ವಿಜಯಪುರ: ಬೂಜು ಅಂದರೆ ಸಾಕು, ಈ ಜಿಲ್ಲೆಯ ದ್ರಾಕ್ಷಿ ಬೆಳೆಗಾರನ ಎದೆ ಧಸಕ್ ಎನ್ನುತ್ತದೆ. ಎಲೆಯ ಅಡಿಗೆ ಬೆಳ್ಳಗೆ ಕಂಡರೆ ದಾವಣಿ, ಕಾಯಿಯ ಮೇಲೆ ಹಿಟ್ಟು ಉದುರಿಸಿದಂತೆ ಕಂಡರೆ ಬೂದಿ ರೋಗ. ಅಕ್ಟೋಬರ್ ಚಾಟನಿ ಮುಗಿದ ಮೇಲೆ ನಾಲ್ಕು ದಿನ ಮೋಡ ಮುಚ್ಚಿ ಒಂದು ಮಳೆ ಬಿತ್ತೆಂದರೆ ಮುಗಿಯಿತು. ಊಟ ಬಿಟ್ಟು, ನಿದ್ದೆ ಬಿಟ್ಟು ಪಂಪು ಹೊತ್ತು ತೋಟಕ್ಕೆ ಓಡಬೇಕು. ಔಷಧದ ಅಂಗಡಿಯ ಉದ್ರಿ ಪುಸ್ತಕದಲ್ಲಿ ಒಂದು ಹಾಳೆ ಹೆಚ್ಚಾಯಿತೆಂದೇ ಲೆಕ್ಕ.

ಅಂಥ ಊರಿನಲ್ಲಿ, ಅದೇ ಅಂಗಡಿಯ ಕಟ್ಟೆಯ ಮೇಲೆ ಕೂತು, “ಬೇರಿಗೆ ಹಾಕೋ ಬೂಜು ಬಂದೈತೇನ್ರೀ?” ಎಂದು ರೊಕ್ಕ ಕೊಟ್ಟು ಕೇಳುವವರೂ ಇದ್ದಾರೆಂದರೆ ನಂಬುವಿರಾ?

ನಂಬಲೇಬೇಕು. ಪಾಕೀಟಿನ ಮೇಲೆ ಅದರ ಹೆಸರು ಮೈಕೊರೈಜಾ. ಹಳಬರು ‘ವ್ಯಾಮ್’ ಎನ್ನುತ್ತಾರೆ. ಹೆಸರು ಏನೇ ಇರಲಿ, ಒಳಗಿರುವುದು ಬೂಜೇ. ಪುಸ್ತಕದ ಭಾಷೆಯಲ್ಲಿ ಶಿಲೀಂಧ್ರ. ಆದರೆ ಇದು ಬಳ್ಳಿಯನ್ನು ತಿನ್ನುವ ಬೂಜಲ್ಲ, ಬಳ್ಳಿಗೆ ಉಣಿಸುವ ಬೂಜು! ಬೇರಿನೊಳಗೆ ಹೊಕ್ಕು ಕೂತು, ಮಣ್ಣಿನಿಂದ ಸಾಮಾನು ತಂದುಕೊಟ್ಟು, ಬದಲಿಗೆ ಬಳ್ಳಿಯಿಂದ ಸಕ್ಕರೆ ಪಡೆಯುವ ವ್ಯಾಪಾರಿ. ಅಂಗಡಿಕಾರರಿಗೆ ಈ ವ್ಯವಹಾರ ಸಲೀಸಾಗಿ ಅರ್ಥವಾಗುವಂಥದ್ದು. ಆದರೆ ಹೊಲದಲ್ಲಿ ಇದು ಇದೆಯೋ ಇಲ್ಲವೋ ಎಂದು ನೋಡುವವರೇ ಕಡಿಮೆ. ಇದ್ದದ್ದನ್ನು ಕೈಯಾರೆ ಕೊಂದು, ಆಮೇಲೆ ಪಾಕೀಟಿನಲ್ಲಿ ಅದನ್ನೇ ಕೊಂಡು ತರುವ ಪರಿಸ್ಥಿತಿ ಬಂದಿದೆ ಎಂಬುದೇ ಈ ಬರಹದ ಸಾರ.

ಊರಿಗೆಲ್ಲ ಸಂಬಂಧಪಟ್ಟ ಮಾತು

“ನಮಗ್ಯಾಕ ಬೇಕು ಬೇರಿನ ಪುರಾಣ?” ಎಂದು ಬಸ್ಸಿನಲ್ಲಿ ನಿಂತವರು ಕೇಳಬಹುದು. ಬೇಕು! ರಾಜ್ಯದಲ್ಲಿ ಅತಿ ಹೆಚ್ಚು ದ್ರಾಕ್ಷಿ ಬೆಳೆಯುವ ಜಿಲ್ಲೆ ಇದು. ತಿಕೋಟಾ, ಬಬಲೇಶ್ವರದ ಕಡೆಯ ಬಸ್ಸು ಹತ್ತಿದವರಿಗೆ ಕಿಟಕಿಯಾಚೆ ಚಪ್ಪರ, ಚಪ್ಪರದಾಚೆ ಒಣದ್ರಾಕ್ಷಿ ಶೆಡ್ಡು ಕಂಡೇ ಕಾಣುತ್ತದೆ. ಚಾಟನಿ ಮಾಡುವ ಆಳು, ಗೊನೆ ಕೊಯ್ಯುವ ಹೆಣ್ಣುಮಕ್ಕಳು, ಶೆಡ್ಡಿನಲ್ಲಿ ಹಣ್ಣು ಹರವುವವರು, ರಟ್ಟಿನ ಡಬ್ಬಿ ಮಾರುವವರು, ತಾಸಗಾಂವ–ಸಾಂಗ್ಲಿ ಪೇಟೆಗೆ ಮಾಲು ಹೊರುವ ಲಾರಿಯವರು, ಕೋಲ್ಡ್ ಸ್ಟೋರೇಜಿನವರು—ಎಲ್ಲರ ಒಲೆ ಉರಿಯುವುದು ಒಂದೇ ಬಳ್ಳಿಯಿಂದ. ಸುಮಾರು ನಾಲ್ಕು ಕಿಲೋ ಹಸಿ ಹಣ್ಣು ಒಣಗಿದರೆ ಒಂದು ಕಿಲೋ ಒಣದ್ರಾಕ್ಷಿ. ಬಳ್ಳಿ ಸೊರಗಿದ ವರ್ಷ ಬಟ್ಟೆ ಅಂಗಡಿಯಲ್ಲೂ ಗಿರಾಕಿ ಇಲ್ಲ, ಕಿರಾಣಿ ಅಂಗಡಿಯ ಬಾಕಿಯೂ ವಸೂಲಿ ಇಲ್ಲ.

ಈ ಬಳ್ಳಿ ನಿಂತಿರುವ ನೆಲವಾದರೂ ಎಂಥದು? ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ. ಎರೆ ಭೂಮಿಯಲ್ಲಿ ಸುಣ್ಣದ ಹರಳು. ಕೊಳವೆ ಬಾವಿಯಲ್ಲಿ ಅನೇಕ ಕಡೆ ಸವುಳು ನೀರು. ಬರದ ವರ್ಷಗಳಲ್ಲಿ ಟ್ಯಾಂಕರ್ ನೀರು ಹಾಕಿ ಬಳ್ಳಿ ಉಳಿಸಿಕೊಂಡವರು ಇಲ್ಲಿ ಊರೂರಿಗೆ ಸಿಗುತ್ತಾರೆ. ಇಂಥ ನೆಲದಲ್ಲಿ ಬೇರಿಗೆ ಒಬ್ಬ ಜತೆಗಾರ ಇರುವುದು, ಇಲ್ಲದಿರುವುದು ಸಣ್ಣ ಮಾತಲ್ಲ.

ಕೊಡು–ಕೊಳ್ಳುವ ಲೆಕ್ಕ

ದ್ರಾಕ್ಷಿಯ ಬೇರು ಬಲು ಸೋಮಾರಿ ಜಾತಿ ಎಂದರೆ ತಪ್ಪಲ್ಲ. ಜೋಳದ ಬುಡ ಕಿತ್ತು ನೋಡಿ, ಗಡ್ಡದ ಹಾಗೆ ದಟ್ಟ ಬೇರು. ದ್ರಾಕ್ಷಿಯದು ಹಾಗಲ್ಲ. ಬೇರು ದಪ್ಪ, ವಿರಳ. ಬೇರಿನ ಮೇಲಿನ ರೋಮವೂ ಕಡಿಮೆ. ರಂಜಕವೆಂಬ ಪೋಷಕ ನೀರಿನೊಡನೆ ಹರಿದು ಬರುವಂಥದ್ದಲ್ಲ. ಮಣ್ಣಿನಲ್ಲಿ ಬಿದ್ದಲ್ಲೇ ಬಿದ್ದಿರುತ್ತದೆ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರ್ ಜಾಗದ ರಂಜಕ ತಿಂದು ಮುಗಿಸಿದ ಮೇಲೆ ಬಾಯಿ ತೆರೆದು ಕೂಡಬೇಕು. ಪಕ್ಕದಲ್ಲೇ ಕಣಜವಿದ್ದರೂ ಕೈಗೆಟುಕದು!

ಈ ಹೊತ್ತಿನಲ್ಲಿ ಬರುವವನೇ ನಮ್ಮ ಬೂಜಪ್ಪ. ತಲೆಗೂದಲಿನ ಹತ್ತನೇ ಒಂದು ಪಾಲಿನಷ್ಟು ತೆಳುವಾದ ಅವನ ಎಳೆಗಳು ಬೇರಿನಿಂದ ಹೊರಟು ಮಣ್ಣಿನಲ್ಲಿ ಹಲವು ಸೆಂಟಿಮೀಟರ್ ದೂರ ಹಬ್ಬುತ್ತವೆ. ಬೇರು ತೂರದ ಸಂದಿಯಲ್ಲಿ ಎಳೆ ತೂರುತ್ತದೆ. ಅಲ್ಲಿಂದ ರಂಜಕ, ಸತು, ತಾಮ್ರ ಹೆಕ್ಕಿ ತಂದು ಬೇರಿನ ಜೀವಕೋಶದ ಒಳಗೇ ಮುಟ್ಟಿಸುತ್ತಾನೆ. ಆ ಕೋಶದೊಳಗೆ ಎಳೆಯು ಕವಲೊಡೆದು ಪುಟ್ಟ ಮರದ ಹಾಗೆ ಹರಡಿಕೊಳ್ಳುತ್ತದೆ. ಅದೇ ಅವನ ಅಂಗಡಿ ಗಲ್ಲೆ. ಮಾಲು ಇಲ್ಲಿಳಿಯುತ್ತದೆ, ಹಣ ಇಲ್ಲೇ ಸಂದಾಯ. ಗಲ್ಲೆಯ ಆಯುಷ್ಯ ಹೆಚ್ಚೆಂದರೆ ಕೆಲವು ದಿನ. ಹಳೆಯದು ಕರಗುತ್ತದೆ, ಪಕ್ಕದ ಕೋಶದಲ್ಲಿ ಹೊಸದು ತೆರೆಯುತ್ತದೆ.

ಹಣ ಎಂದರೆ ಏನು? ಸಕ್ಕರೆ, ಜತೆಗೆ ಎಣ್ಣೆಯ ಅಂಶ. ಎಲೆ ಬಿಸಿಲಿನಲ್ಲಿ ದುಡಿದು ಮಾಡಿದ್ದರಲ್ಲಿ ನೂರಕ್ಕೆ ನಾಲ್ಕರಿಂದ ಇಪ್ಪತ್ತು ಪಾಲಿನ ತನಕ ಈ ಜತೆಗಾರನಿಗೆ ಹೋಗುತ್ತದೆ ಎಂದು ವಿಜ್ಞಾನಿಗಳ ಅಂದಾಜು. ಪುಕ್ಕಟೆ ದುಡಿಮೆ ಇಲ್ಲಿ ಇಲ್ಲ. ಈ ಬೂಜಿಗೆ ಸ್ವಂತ ಅಡಿಗೆ ಬರುವುದಿಲ್ಲ. ಜೀವಂತ ಬೇರು ಸಿಕ್ಕರೆ ಬದುಕು, ಸಿಗದಿದ್ದರೆ ಬೀಜದಂಥ ಕಣವಾಗಿ ಮಣ್ಣಿನಲ್ಲಿ ಕಾಯುವುದು, ಕಾದು ಕಾದು ಒಂದು ದಿನ ಸಾಯುವುದು.

ಇನ್ನೂ ಸ್ವಾರಸ್ಯದ ಸಂಗತಿ ಉಂಟು. ನೆದರ್ಲೆಂಡಿನ ಟೋಬಿ ಕೀರ್ಸ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 2011ರಲ್ಲಿ ಒಂದು ಮೇವಿನ ಸಸ್ಯದ ಜಾತಿಯ ಮೇಲೆ ಪರೀಕ್ಷೆ ಮಾಡಿ ಪ್ರಕಟಿಸಿದರು. ಹೆಚ್ಚು ರಂಜಕ ತಂದ ಬೂಜಿಗೆ ಗಿಡ ಹೆಚ್ಚು ಸಕ್ಕರೆ ಕೊಡುತ್ತದೆ. ಹೆಚ್ಚು ಸಕ್ಕರೆ ಕೊಟ್ಟ ಬೇರಿಗೆ ಬೂಜು ಹೆಚ್ಚು ರಂಜಕ ಒಯ್ಯುತ್ತದೆ! ಮಾಲು ಚೊಲೋ ಇದ್ದವನ ಅಂಗಡಿಗೆ ಗಿರಾಕಿ, ರೊಕ್ಕ ಚೊಕ್ಕ ಇದ್ದವನಿಗೆ ಮಾಲು. ಮಹಾತ್ಮ ಗಾಂಧಿ ರಸ್ತೆಯ ವ್ಯಾಪಾರಕ್ಕೂ ಮಣ್ಣಿನೊಳಗಿನ ವ್ಯಾಪಾರಕ್ಕೂ ಏನು ಫರಕು?

1885: ಒಂದೇ ವರ್ಷ, ಎರಡು ಸುದ್ದಿ

ಇದೇನು ನಿನ್ನೆ ಮೊನ್ನೆಯ ಫ್ಯಾಷನ್ ಅಲ್ಲ. ಸ್ಕಾಟ್ಲೆಂಡಿನ ರೈನಿ ಎಂಬ ಹಳ್ಳಿಯ ಬಳಿ ಕಲ್ಲಾಗಿ ಉಳಿದ ಗಿಡಗಳಲ್ಲಿ ಈ ಜಾತಿಯ ಬೂಜು ಸಿಕ್ಕಿದೆ. ಆ ಕಲ್ಲಿನ ವಯಸ್ಸು 40 ಕೋಟಿ ವರ್ಷಕ್ಕೂ ಮೇಲೆ. ಗಿಡಕ್ಕೆ ಇನ್ನೂ ಸರಿಯಾದ ಬೇರೇ ಇರಲಿಲ್ಲ, ಆಗಲೇ ಬೂಜು ಜತೆಗಿತ್ತು. ಇಂದಿಗೂ ನೆಲದ ಮೇಲಿನ ಸಸ್ಯ ಜಾತಿಗಳಲ್ಲಿ ಹತ್ತಕ್ಕೆ ಏಳು ಜಾತಿಗಾದರೂ ಈ ನಂಟು ಉಂಟು.

ಮನುಷ್ಯನ ಕಣ್ಣಿಗೆ ಬಿದ್ದದ್ದು ಮಾತ್ರ ತಡವಾಗಿ. ಜರ್ಮನಿಯ ಆಲ್ಬರ್ಟ್ ಬರ್ನಾರ್ಡ್ ಫ್ರಾಂಕ್ ಎಂಬ ಸಸ್ಯಶಾಸ್ತ್ರಜ್ಞರಿಗೆ, ಟ್ರಫಲ್ ಎಂಬ ದುಬಾರಿ ಅಣಬೆಯನ್ನು ಬೆಳೆಸಲು ಆದೀತೇ ನೋಡಿರೆಂದು ಅಲ್ಲಿನ ಸರಕಾರ ಕೆಲಸ ಒಪ್ಪಿಸಿತ್ತು. ಅವರು ಕಾಡುಮರದ ಬೇರು ಅಗೆದು ನೋಡಿದರೆ ಬೇರಿಗೆ ಬೂಜಿನ ಅಂಗಿ! ಮರವೇನೋ ಗಟ್ಟಿಮುಟ್ಟು. ಇದು ರೋಗವಲ್ಲ, ಸಂಸಾರ ಎಂದು ಅವರು ವಾದಿಸಿ, 1885ರಲ್ಲಿ ಇದಕ್ಕೆ ಮೈಕೊರೈಜಾ ಎಂದು ಹೆಸರಿಟ್ಟರು. ಗ್ರೀಕ್ ಮಾತಿನಲ್ಲಿ ‘ಬೂಜಿನ ಬೇರು’ ಎಂದರ್ಥ. ಅವರು ಕಂಡದ್ದು ಬೇರಿನ ಹೊರಗೆ ಹೊದ್ದುಕೊಳ್ಳುವ ಜಾತಿ. ದ್ರಾಕ್ಷಿಯದು ಬೇರಿನ ಒಳಗೆ ಸೇರುವ ಜಾತಿ.

ಅದೇ 1885ರಲ್ಲಿ ಪಕ್ಕದ ಫ್ರಾನ್ಸಿನಲ್ಲಿ ದ್ರಾಕ್ಷಿ ಬೆಳೆಗಾರರಿಗೆ ಬೇರೊಂದು ಸುದ್ದಿ. ಬೋರ್ಡೊ ಊರಿನ ಪ್ರೊಫೆಸರ್ ಮಿಲಾರ್ಡೆ ಅವರು ಮೈಲುತುತ್ತ–ಸುಣ್ಣದ ದ್ರಾವಣ ದಾವಣಿಗೆ ಮದ್ದು ಎಂದು ಸಾರಿದರು. ಹಾದಿಹೋಕರು ಹಣ್ಣು ಕದಿಯಬಾರದೆಂದು ರಸ್ತೆ ಬದಿಯ ಬಳ್ಳಿಗೆ ಅಲ್ಲಿನವರು ಹಸಿರು ಬಣ್ಣದ ಆ ಮಿಶ್ರಣ ಬಳಿಯುತ್ತಿದ್ದರು. ಬಳಿದ ಬಳ್ಳಿಗೆ ರೋಗ ಇಲ್ಲ, ಒಳಗಿನ ಬಳ್ಳಿಗೆಲ್ಲ ರೋಗ! ಕಳ್ಳರ ಕಾಟದಿಂದ ಔಷಧ ಹುಟ್ಟಿತು. ಇಂದಿಗೂ ನಮ್ಮ ತೋಟಗಳಲ್ಲಿ ಅದು ‘ಬೋರ್ಡೊ’ ಎಂದೇ ನಡೆದಿದೆ.

ಒಂದೇ ವರ್ಷದಲ್ಲಿ ಬೂಜನ್ನು ಕೊಲ್ಲುವ ವಿದ್ಯೆಯೂ ಬಂತು, ಬೂಜನ್ನು ನೆಂಟನೆಂದು ಗುರುತಿಸುವ ವಿದ್ಯೆಯೂ ಬಂತು. ಕೊಲ್ಲುವ ವಿದ್ಯೆ ನಾಲ್ಕೇ ವರ್ಷದಲ್ಲಿ ಊರೂರಿಗೆ ಹಬ್ಬಿತು. ನೆಂಟಸ್ತನದ ವಿದ್ಯೆ ಪುಸ್ತಕದಲ್ಲೇ ಉಳಿಯಿತು. ಗಿಡದ ಬೆಳವಣಿಗೆಗೆ ಇದರಿಂದ ಲಾಭವಿದೆಯೆಂದು ಇಂಗ್ಲೆಂಡಿನ ಬಾರ್ಬರಾ ಮಾಸ್ ಎಂಬ ಮಹಿಳೆ ಸೇಬಿನ ಸಸಿಗಳ ಮೇಲೆ ತೋರಿಸುವ ಹೊತ್ತಿಗೆ 1957 ಬಂದಿತ್ತು. ಅವರ ಗೌರವಕ್ಕೆ ಒಂದು ಬೂಜಿನ ಜಾತಿಗೇ ‘ಮಾಸಿಯೆ’ ಎಂಬ ಹೆಸರಿದೆ; ಪಾಕೀಟಿನ ಬೆನ್ನ ಮೇಲೆ ಸಣ್ಣಕ್ಷರದಲ್ಲಿ ಅನೇಕ ಸಲ ಅದು ಕಾಣಸಿಗುತ್ತದೆ.

ನಮ್ಮ ನಾಡೇನೂ ಹಿಂದೆ ಬಿದ್ದಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ಡಿ.ಜೆ. ಭಾಗ್ಯರಾಜ್ ಅವರು 1970ರ ದಶಕದಿಂದಲೇ ಈ ಬೂಜಿನ ಬೆನ್ನು ಹತ್ತಿ, ದೇಶ–ವಿದೇಶದಲ್ಲಿ ಹೆಸರು ಮಾಡಿದವರು. ಇಂಥ ವಿದ್ವಾಂಸರಿದ್ದ ನಾಡಿನಲ್ಲಿ, ಬಳ್ಳಿಯ ಬುಡದಲ್ಲಿ ಏನಿದೆ ಎಂದು ಬಳ್ಳಿಯ ಮಾಲೀಕನಿಗೇ ತಿಳಿಯದಿದ್ದರೆ ಯಾರನ್ನು ದೂರಬೇಕು?

ನೆಂಟನನ್ನು ಕೊಂದ ಕಥೆ

ಇದ್ದಾಗ ಬೆಲೆ ತಿಳಿಯದು ಎಂಬುದಕ್ಕೆ ಅಮೆರಿಕದ ಲಿಂಬೆ–ಕಿತ್ತಳೆ ನರ್ಸರಿಗಳ ಕಥೆ ಒಂದು ಪಾಠ. ಅಲ್ಲಿ ಸಸಿ ಹಾಕುವ ಮುನ್ನ ಮಣ್ಣಿಗೆ ವಿಷದ ಹೊಗೆ ಕೊಟ್ಟು ಎಲ್ಲ ರೋಗಾಣು ಕೊಲ್ಲುವ ಪದ್ಧತಿ ಇತ್ತು. ಮಣ್ಣು ಚೊಕ್ಕವಾಯಿತು. ಆದರೆ ಸಸಿ ಮೇಲೇಳಲೇ ಇಲ್ಲ! ಗೊಬ್ಬರ ಹಾಕಿದರೂ ಕುಳ್ಳು, ನೀರು ಕೊಟ್ಟರೂ ಕುಳ್ಳು. ವಿಷದ ಅಂಶ ಉಳಿದಿದೆ ಎಂದು ಎಲ್ಲರೂ ತಿಳಿದರು. 1972ರಲ್ಲಿ ಕ್ಲೈನ್‌ಶ್ಮಿಟ್ ಮತ್ತು ಗರ್ಡಮನ್ ಎಂಬ ಇಬ್ಬರು ಕಾರಣ ಹಿಡಿದರು: ರೋಗಾಣುವಿನ ಜತೆ ನೆಂಟ ಬೂಜೂ ಸತ್ತಿದೆ. ಅದನ್ನು ಮರಳಿ ಕೊಟ್ಟಾಗ ಸಸಿ ಎದ್ದು ನಿಂತಿತು. 1983ರಲ್ಲಿ ಕ್ಯಾಲಿಫೋರ್ನಿಯಾದ ದ್ರಾಕ್ಷಿ ತೋಟಗಳ ಮೇಲೂ ಹೊಗೆ, ಬೂಜು, ಬಳ್ಳಿ ಈ ಮೂರರ ಲೆಕ್ಕ ಹಾಕಿದ ವರದಿ ಬಂತು.

ನಮ್ಮಲ್ಲಿ ಆ ಹೊಗೆ ಇಲ್ಲ. ಆದರೆ ಕೊಲ್ಲುವ ದಾರಿಗಳಿಗೆ ಬರ ಇಲ್ಲ.

ಒಂದು, ಡಿಎಪಿ. ಐವತ್ತು ಕಿಲೋ ಚೀಲದಲ್ಲಿ 23 ಕಿಲೋ ರಂಜಕದ ಅಂಶ. ಸುಣ್ಣದ ಎರೆ ಮಣ್ಣಿಗೆ ಬಿದ್ದ ರಂಜಕವನ್ನು ಸುಣ್ಣವೇ ಹಿಡಿದು ಕೂರುತ್ತದೆ. ಹಾಕಿದ್ದರಲ್ಲಿ ಆ ವರ್ಷದ ಬೆಳೆಗೆ ದಕ್ಕುವುದು ನಾಲ್ಕನೇ ಒಂದು ಪಾಲೂ ಕಷ್ಟ. “ಬಳ್ಳಿ ಕಪ್ಪಗಾಗಲಿಲ್ಲ, ಇನ್ನೊಂದು ಚೀಲ ಸುರಿ” ಎಂದು ವರ್ಷ ವರ್ಷ ಸುರಿದ ತೋಟದಲ್ಲಿ ರಂಜಕ ಬ್ಯಾಂಕಿನ ಠೇವಣಿಯ ಹಾಗೆ ಬೆಳೆದಿರುತ್ತದೆ. ಬೇರಿನ ಬಾಯಿಗೇ ಬೇಕಾದಷ್ಟು ರಂಜಕ ಬಂದಾಗ ಬಳ್ಳಿ ಏನು ಮಾಡುತ್ತದೆ? ಬೂಜಿನ ಖಾತೆ ಬಂದ್ ಮಾಡುತ್ತದೆ! ಮನೆ ಬಾಗಿಲಿಗೆ ಸಂತೆ ಬಂದರೆ ದಲಾಲನಿಗೆ ಯಾಕೆ ಕಮಿಷನ್? ಆದರೆ ದಲಾಲ ಬರೀ ರಂಜಕ ತರುತ್ತಿರಲಿಲ್ಲ, ಸತುವನ್ನೂ ತರುತ್ತಿದ್ದ. ಅದೂ ನಿಂತಿತು. ಮತ್ತೆ ಸತುವಿಗೆ ಬೇರೆ ಪಾಕೀಟು, ಬೇರೆ ಬಿಲ್ಲು.

ಎರಡು, ಬುಡಕ್ಕೆ ಸುರಿಯುವ ಶಿಲೀಂಧ್ರನಾಶಕ. ಎಲೆಗೆ ಹೊಡೆದ ಔಷಧದಿಂದ ಬೇರಿನ ಬೂಜಿಗೆ ದೊಡ್ಡ ಏಟು ಬೀಳುವುದಿಲ್ಲ. ಆದರೆ ಕಾರ್ಬೆಂಡಜಿಂನಂಥ ಔಷಧವನ್ನು ನೀರಿನಲ್ಲಿ ಕಲಸಿ ಬುಡಕ್ಕೇ ಕುಡಿಸಿದರೆ ಕಳ್ಳನ ಜತೆ ಕಾವಲುಗಾರನಿಗೂ ಗುಂಡು. ವರ್ಷಾನುಗಟ್ಟಲೆ ಬೋರ್ಡೊ ಹೊಡೆದ ನೆಲದಲ್ಲಿ ಉಳಿದು ಬೆಳೆಯುವ ತಾಮ್ರವೂ ಮಣ್ಣಿನ ಜೀವಕ್ಕೆ ಒಳ್ಳೆಯದಲ್ಲ.

ಮೂರು, ಬೋಳು ನೆಲ. ಸಾಲಿನ ನಡುವೆ ಒಂದು ಹುಲ್ಲುಕಡ್ಡಿ ಇರದಂತೆ ಹರಗಿ, ಕಸದ ಔಷಧ ಹೊಡೆದು ಕನ್ನಡಿಯ ಹಾಗೆ ಇಡುವುದೇ ಶಿಸ್ತು ಎಂದು ಅನೇಕರ ನಂಬಿಕೆ. ಟ್ರ್ಯಾಕ್ಟರ್ ಹರಗಿದಾಗ ಬೂಜಿನ ಎಳೆ ಕತ್ತರಿಸುತ್ತದೆ. ಏಪ್ರಿಲ್–ಮೇ ಬಿಸಿಲಿಗೆ ಬೋಳು ಮಣ್ಣು ಹಂಚಿನಂತೆ ಕಾಯುತ್ತದೆ. ಹಿಡಿದು ಬದುಕಲು ಬೇರೆ ಬೇರೂ ಇಲ್ಲ. ಮತ್ತೇನು ಉಳಿದೀತು?

ಬೇರು ಕಾಯುವ ಕಾವಲುಗಾರ

ಅಣ್ಣ ತಂದುಕೊಡುವುದು ಊಟವಷ್ಟೇ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಪೆಟಿ ಮತ್ತು ಗಬ್ಲರ್ ಎಂಬವರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೊದಲೇ ಈ ಬೂಜು ಹತ್ತಿದ ದ್ರಾಕ್ಷಿ ಬೇರಿಗೆ ‘ಕರಿಪಾದ’ ಎಂಬ ಬೇರುಕೊಳೆ ರೋಗದ ಹಾವಳಿ ಕಡಿಮೆಯಾಗಿ ಕಂಡಿತು. ಫ್ರಾನ್ಸಿನಲ್ಲಿ 2012ರಲ್ಲಿ ಬಂದ ಮತ್ತೊಂದು ವರದಿಯಂತೆ, ದ್ರಾಕ್ಷಿಗೆ ನಂಜುರೋಗ ಹೊತ್ತು ತರುವ ಒಂದು ಜಂತುಹುಳ ಬೂಜು ಹತ್ತಿದ ಬೇರಿನ ಮೇಲೆ ಕಡಿಮೆ ಸಂಖ್ಯೆಯಲ್ಲಿ ಬೆಳೆಯಿತು. ‘ಮೊದಲೇ’ ಎಂಬ ಮಾತು ಗಮನಿಸಬೇಕು. ರೋಗ ಒಳಹೊಕ್ಕ ಮೇಲೆ ಬೂಜು ತಂದು ಹಾಕಿದರೆ ಕಳ್ಳತನ ಆದ ಮೇಲೆ ಬೀಗ ಕೊಂಡಂತೆ.

2004ರಲ್ಲಿ ಕ್ಯಾಲಿಫೋರ್ನಿಯಾದ ಚೆಂಗ್ ಮತ್ತು ಬಾಮ್‌ಗಾರ್ಟ್ನರ್ ಇನ್ನೊಂದು ಸಂಗತಿ ತೋರಿಸಿದರು. ಸಾಲಿನ ನಡುವೆ ಬೆಳೆದ ಹುಲ್ಲು–ಮೇವಿನ ಬೇರಿಗೂ ಬಳ್ಳಿಯ ಬೇರಿಗೂ ಒಂದೇ ಬೂಜು ಸಂಪರ್ಕ ಕಲ್ಪಿಸಿದಾಗ, ಗುರುತು ಹಾಕಿದ ಸಾರಜನಕ ಹುಲ್ಲಿನಿಂದ ಬಳ್ಳಿಗೆ ದಾಟಿತ್ತು. ಕಸ ಎಂದು ಕಿತ್ತೆಸೆದದ್ದೇ ಬಳ್ಳಿಯ ಕೈಗಡದ ಗೆಳೆಯ! ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು 2005ರಲ್ಲಿ ಪ್ರಕಟಿಸಿದ ಕೆಲಸ ನರ್ಸರಿಯವರಿಗೆ ಮುಖ್ಯ. ಗಾಜಿನ ಕುಪ್ಪಿಯಲ್ಲಿ ಬೆಳೆಸಿದ ನಾಜೂಕು ದ್ರಾಕ್ಷಿ ಸಸಿಯನ್ನು ಹೊರಗಿನ ಗಾಳಿ–ಬಿಸಿಲಿಗೆ ತಂದಾಗ ಆಗುವ ಆಘಾತವನ್ನು ಈ ಬೂಜು ತಗ್ಗಿಸಿತು. ಅಂದರೆ, ಇದರ ಕೆಲಸ ಶುರುವಾಗಬೇಕಾದದ್ದು ಸಸಿಯ ಚೀಲದಲ್ಲೇ. ಇಂದು ಈ ಭಾಗದಲ್ಲಿ ಹೊಸ ತೋಟ ಎಂದರೆ ಡಾಗ್‌ರಿಡ್ಜ್ ಬುಡದ ಮೇಲೆ ಥಾಮ್ಸನ್ ಜಾತಿಯ ಕಸಿ. ಬುಡದ ಸಸಿ ಚೀಲದಲ್ಲಿರುವಾಗಲೇ ಹಿಡಿಯಷ್ಟು ಬೂಜಿನ ಮಣ್ಣು ಬೇರಿಗೆ ತಾಗಿಸಿದರೆ ಮುಂದಿನ ಹತ್ತು ಹದಿನೈದು ವರ್ಷದ ಸಂಸಾರಕ್ಕೆ ಅಲ್ಲೇ ನಾಂದಿ.

ಪಾಕೀಟಿನ ಮರ್ಮ

ಈಗ ಅಂಗಡಿಯ ಮಾತು. ಟ್ರೈಕೋಡರ್ಮಾದಂಥ ಬೂಜನ್ನು ಕುಪ್ಪಿಯಲ್ಲಿ, ಹಿಟ್ಟಿನಲ್ಲಿ ಸುಲಭವಾಗಿ ಬೆಳೆಸಬಹುದು. ಮೈಕೊರೈಜಾ ಹಾಗಲ್ಲ, ಜೀವಂತ ಬೇರು ಇಲ್ಲದೆ ಬೆಳೆಯದು. ಆದ್ದರಿಂದ ತಯಾರಿಸುವವರು ಮೆಕ್ಕೆಜೋಳ, ಹುಲ್ಲಿನಂಥ ಗಿಡ ಬೆಳೆಸಿ ಅದರ ಬೇರು–ಮಣ್ಣನ್ನೇ ಪುಡಿ ಮಾಡಿ ತುಂಬಬೇಕು. ಇಲ್ಲವೇ ಪ್ರಯೋಗಶಾಲೆಯಲ್ಲಿ ಗಜ್ಜರಿಯ ಬೇರಿನ ಮೇಲೆ ಬೆಳೆಸಬೇಕು. ಎರಡೂ ಖರ್ಚಿನ, ತಾಳ್ಮೆಯ ಕೆಲಸ. ಇಲ್ಲೇ ಕಲಬೆರಕೆಗೆ ಸಂದು. ಬಣ್ಣದ ಪಾಕೀಟಿನೊಳಗೆ ಇದ್ದಿಲ ಪುಡಿಯೋ ಜೇಡಿಮಣ್ಣೋ ಇದ್ದರೂ ಬರಿಗಣ್ಣಿಗೆ ಗೊತ್ತಾಗದು. ಹೊರದೇಶಗಳಲ್ಲಿ ಪೇಟೆಯಿಂದ ಪಾಕೀಟು ತಂದು ಪರೀಕ್ಷಿಸಿದಾಗ ಅನೇಕವು ಬೇರಿಗೆ ಹತ್ತದೇ ಹೋದ ವರದಿಗಳಿವೆ.

ನಮ್ಮ ದೇಶದಲ್ಲಿ ಮೈಕೊರೈಜಾ ಗೊಬ್ಬರ ನಿಯಂತ್ರಣ ಆದೇಶದ ಅಡಿಗೆ ಬರುತ್ತದೆ. ಗ್ರಾಂಗೆ ಎಷ್ಟು ಜೀವಕಣ, ಯಾವಾಗ ತಯಾರು, ಯಾವಾಗ ಅವಧಿ ಮುಗಿಯುತ್ತದೆ ಎಂಬುದು ಪಾಕೀಟಿನ ಮೇಲೆ ಇರಲೇಬೇಕು. ಇರದಿದ್ದರೆ ಕೊಳ್ಳುವವರು ಕೇಳಬೇಕು, ಮಾರುವವರು ಇಡಬಾರದು. ಇದು ಜೀವದ ಮಾಲು. ತಗಡಿನ ಚಾವಣಿಯ ಕೆಳಗೆ ಮೇ ತಿಂಗಳ ಸೆಕೆಯಲ್ಲಿ ಯೂರಿಯಾ ಚೀಲದ ಮೇಲೆ ಒಟ್ಟಿದರೆ ಅದು ಪಾಕೀಟಿನೊಳಗೇ ಸತ್ತುಹೋಗಬಹುದು. ಹಾಲಿನ ಪಾಕೀಟಿಗೆ ತೋರುವ ಮುತುವರ್ಜಿಯಲ್ಲಿ ಅರ್ಧದಷ್ಟಾದರೂ ಇದಕ್ಕೆ ಬೇಡವೇ?

ಕೊಂಡವರ ತಪ್ಪೂ ಕಡಿಮೆಯಿಲ್ಲ. ಮುಂಜಾನೆ ಬೂಜು ಹಾಕಿ ಸಂಜೆ ಡಿಎಪಿ ಸುರಿಯುವವರು, ಒಣ ಮಣ್ಣಿನ ಮೇಲೆ ಎರಚಿ ಬಿಸಿಲಿಗೆ ಬಿಡುವವರು, ಎಂಟು ದಿನಕ್ಕೇ ಬುಡಕ್ಕೆ ಶಿಲೀಂಧ್ರನಾಶಕ ಕುಡಿಸುವವರು ಇದ್ದಾರೆ. ಆಮೇಲೆ “ಏನೂ ಕೆಲಸ ಮಾಡ್ಲಿಲ್ರೀ” ಎಂದು ಅಂಗಡಿಕಾರನ ಮೇಲೆ ಸಿಟ್ಟು. ಬೂಜು ಬೇರಿಗೆ ತಾಗಬೇಕು, ಹಸಿ ಇರಬೇಕು, ಹೊಸ ಬಿಳಿ ಬೇರು ಒಡೆಯುವ ಕಾಲಕ್ಕೆ ಹೋಗಬೇಕು. ಇಷ್ಟು ಗೊತ್ತಿದ್ದರೆ ಅರ್ಧ ಜಗಳ ಕಡಿಮೆ.

ಹೊಲದಲ್ಲೇ ಕಾರಖಾನೆ

ಪಾಕೀಟಿಗೆ ಪ್ರತಿ ವರ್ಷ ರೊಕ್ಕ ಸುರಿಯಬೇಕೆಂದೇನೂ ಇಲ್ಲ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದವರು ತಿಳಿಸುವ ಒಂದು ವಿಧಾನ ಬಲು ಸರಳ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, 30 ಸೆಂಟಿಮೀಟರ್ ಆಳದ ಗುಂಡಿಗೆ ಕರಿ ಪ್ಲಾಸ್ಟಿಕ್ ಹಾಳೆ ಹಾಸುವುದು. 50 ಕಿಲೋ ವರ್ಮಿಕುಲೈಟ್ ಎಂಬ ಹಗುರ ಖನಿಜಕ್ಕೆ, ಕಾಸಿ ಕ್ರಿಮಿ ತೆಗೆದ 5 ಕಿಲೋ ಮಣ್ಣು ಬೆರೆಸಿ ತುಂಬುವುದು. ಮೇಲ್ಪದರದ ಕೆಳಗೆ ಒಂದು ಕಿಲೋ ಒಳ್ಳೆಯ ಮೂಲ ಬೂಜು ಹರಡಿ ಮೆಕ್ಕೆಜೋಳ ಬಿತ್ತುವುದು. ಅರವತ್ತು ದಿನ ಬೆಳೆಸಿ, ಮೇಲಿನದು ದನಕ್ಕೆ ಹಾಕಿ, ಬೇರು ಸಣ್ಣಗೆ ಕತ್ತರಿಸಿ ಅದೇ ಮಿಶ್ರಣಕ್ಕೆ ಸೇರಿಸಿದರೆ ಸುಮಾರು 55 ಕಿಲೋ ಮಾಲು ಸಿದ್ಧ! ಹಾಲಿಗೆ ಹೆಪ್ಪು ಹಾಕಿದಂತೆ. ಹೆಪ್ಪು ಚೊಲೋ ಇದ್ದರೆ ಮೊಸರೂ ಚೊಲೋ.

ಒಂದು ಎಚ್ಚರಿಕೆ ಮಾತ್ರ ಮರೆಯಬಾರದು. ಹಳೇ ದ್ರಾಕ್ಷಿ ತೋಟದ ಮಣ್ಣನ್ನೇ ತಂದು ಹೆಪ್ಪು ಹಾಕಿದರೆ ಬೇರುಗಂಟಿನ ಜಂತುಹುಳವೂ ಸಂಗಡ ಬರುತ್ತದೆ. ನೆಂಟನ ಜತೆ ಕಳ್ಳನನ್ನೂ ಮನೆಗೆ ಕರೆದಂತಾದೀತು.

ಇನ್ನೂ ಸರಳ ದಾರಿ ಬೇಕೆಂದರೆ, ಇದ್ದ ಬೂಜನ್ನು ಬದುಕಲು ಬಿಡುವುದು. ಸಾಲಿನ ನಡುವೆ ಸೆಣಬು, ಅಲಸಂದಿ, ಜೋಳದ ಮೇವು ಏನಾದರೂ ಬಿತ್ತಿ, ಹೂ ಬರುವ ಹೊತ್ತಿಗೆ ಕೊಯ್ದು ಅಲ್ಲೇ ಹಾಸುವುದು. ಸಾಸಿವೆ, ಕೋಸಿನ ಜಾತಿಯ ಗಿಡಗಳಿಗೆ ಮಾತ್ರ ಈ ಬೂಜಿನ ನಂಟಿಲ್ಲ, ಅವುಗಳಿಂದ ಇದಕ್ಕೆ ಊಟ ಸಿಗದು. ಹರಗುವುದು ಕಡಿಮೆ ಮಾಡುವುದು. ಮಣ್ಣು ಪರೀಕ್ಷೆಯಲ್ಲಿ ರಂಜಕ ‘ಹೆಚ್ಚು’ ಎಂದು ಬಂದ ವರ್ಷ ಡಿಎಪಿ ಚೀಲಕ್ಕೆ ರಜೆ ಕೊಡುವುದು. ಇದಕ್ಕೆ ಖರ್ಚಿಲ್ಲ, ಉಳಿತಾಯವೇ.

ಮಂತ್ರದ ಬೂದಿ ಅಲ್ಲ

ಹಾಗೆಂದು ಇದನ್ನು ಸಂಜೀವಿನಿ ಎಂದು ಯಾರೂ ಭ್ರಮಿಸಬಾರದು. ಕುಂಡದಲ್ಲಿ ಕಂಡ ಲಾಭವೆಲ್ಲ ಚಪ್ಪರದ ಕೆಳಗೆ ಕಾಣುವುದಿಲ್ಲ. ಮಣ್ಣಿನಲ್ಲಿ ಮೊದಲೇ ನಾಟಿ ಬೂಜು ಸಾಕಷ್ಟಿದ್ದರೆ ಪಾಕೀಟಿನ ಬೂಜಿನಿಂದ ಹೆಚ್ಚಿಗೆ ಏನೂ ಸಿಗದೇ ಹೋಗಬಹುದು. ಬರದಲ್ಲಿ, ಸವುಳು ನೀರಿನಲ್ಲಿ ಬಳ್ಳಿ ತಾಳಿಕೊಳ್ಳಲು ಇದು ನೆರವಾದದ್ದು ಪ್ರಯೋಗಗಳಲ್ಲಿ ಕಂಡಿದೆ, ನಿಜ. ಆದರೆ ಬೂಜು ಮಳೆ ತರಿಸುವುದಿಲ್ಲ, ಬತ್ತಿದ ಕೊಳವೆ ಬಾವಿ ತುಂಬಿಸುವುದಿಲ್ಲ. “ಗೊಬ್ಬರವೇ ಬೇಡ, ಇದೊಂದೇ ಸಾಕು” ಎನ್ನುವ ಏಜೆಂಟರ ಮಾತು ನಂಬಿದವರು ಕೈ ಸುಟ್ಟುಕೊಳ್ಳುವುದು ಖಂಡಿತ.

ಹಾಗಾದರೆ ತನ್ನ ತೋಟದಲ್ಲಿ ಬೂಜು ಇದೆಯೋ ಇಲ್ಲವೋ ರೈತ ತಿಳಿಯುವುದು ಹೇಗೆ? ಇದು ಬ್ರಹ್ಮವಿದ್ಯೆಯಲ್ಲ. ಸಣ್ಣ ಬಿಳಿ ಬೇರು ತಂದು, ಕ್ಷಾರದಲ್ಲಿ ಕುದಿಸಿ, ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ ಎಳೆ, ಗಲ್ಲೆ, ಗುಳ್ಳೆ ಎಲ್ಲ ನೀಲಿಯಾಗಿ ಎದ್ದು ಕಾಣುತ್ತವೆ. ಈ ವಿಧಾನ ಪ್ರಕಟವಾದದ್ದು 1970ರಲ್ಲಿ. ಮಣ್ಣನ್ನು ನೀರಿನಲ್ಲಿ ಕದಡಿ ಸಣ್ಣ ಜರಡಿಗಳಲ್ಲಿ ಸೋಸಿ ಜೀವಕಣ ಎಣಿಸುವ ವಿಧಾನ ಅದಕ್ಕಿಂತಲೂ ಹಳೆಯದು, 1963ರದು. ಕೃಷಿ ಓದುವ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಕಲಿಯುವ ಪಾಠವಿದು.

ಕಾರ್ಡಿನಲ್ಲಿ ಇಲ್ಲದ ಹದಿಮೂರನೆಯದು

ಕೇಂದ್ರ ಸರಕಾರ 2015ರಲ್ಲಿ ಮಣ್ಣು ಆರೋಗ್ಯ ಕಾರ್ಡು ಯೋಜನೆ ತಂದಿತು. ಕಾರ್ಡಿನಲ್ಲಿ ಸಾರಜನಕ, ರಂಜಕ, ಪೊಟ್ಯಾಶ್, ಗಂಧಕ, ಸತು, ಕಬ್ಬಿಣ, ರಸಸಾರ, ಇಂಗಾಲ ಎಂದು ಒಟ್ಟು 12 ಅಂಶಗಳ ಲೆಕ್ಕ. ಒಳ್ಳೆಯದೇ. ಆದರೆ ಹೆಸರೇ ‘ಆರೋಗ್ಯ’ ಕಾರ್ಡು. ಆರೋಗ್ಯ ಎಂದ ಮೇಲೆ ಜೀವದ ಮಾತು ಬೇಡವೇ? ರಕ್ತದಲ್ಲಿ ಉಪ್ಪು, ಸಕ್ಕರೆ ಎಷ್ಟಿದೆ ಎಂದು ಬರೆದು, ನಾಡಿ ಬಡಿಯುತ್ತಿದೆಯೋ ಇಲ್ಲವೋ ಬರೆಯದೇ ಬಿಟ್ಟಂತೆ!

ಹಿಟ್ನಳ್ಳಿಯಲ್ಲಿ ಕೃಷಿ ಮಹಾವಿದ್ಯಾಲಯ ಇದೆ. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ. ಪುಣೆಯ ಹತ್ತಿರ ಮಾಂಜರಿಯಲ್ಲಿ ದ್ರಾಕ್ಷಿಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರ ಇದೆ. ಜಿಲ್ಲೆಯ ಬೆಳೆಗಾರ ಒಂದು ಹಿಡಿ ಬೇರು ತಂದು ಕೊಟ್ಟರೆ, ವಾಜಿಬಿ ಶುಲ್ಕ ಪಡೆದು “ನಿನ್ನ ಬೇರಿನಲ್ಲಿ ನೂರಕ್ಕೆ ಇಷ್ಟು ಬೂಜು ಇದೆಯಪ್ಪಾ, ಪಾಕೀಟು ಕೊಳ್ಳಬೇಡ” ಎಂದೋ, “ಏನೂ ಉಳಿದಿಲ್ಲ, ಹೆಪ್ಪು ಹಾಕು” ಎಂದೋ ಒಂದು ಚೀಟಿ ಬರೆದುಕೊಡುವ ಏರ್ಪಾಡು ಚಾಟನಿಯ ಹಂಗಾಮಿಗೆ ಮುಂಚೆ ತಾಲೂಕಿಗೊಂದಾದರೂ ಆಗಲಿ. ಅಂಗಡಿಯ ಪಾಕೀಟಿನ ಮಾದರಿ ತೆಗೆದು ಪರೀಕ್ಷಿಸಿದಾಗ, ಪಾಸಾದದ್ದು ಯಾವುದು, ಫೇಲಾದದ್ದು ಯಾವುದು ಎಂದು ರೈತ ಸಂಪರ್ಕ ಕೇಂದ್ರದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಲಿ. ಪ್ರಾಮಾಣಿಕ ಅಂಗಡಿಕಾರನಿಗೆ ಅದಕ್ಕಿಂತ ದೊಡ್ಡ ಜಾಹೀರಾತು ಬೇಕಿಲ್ಲ. ಅಪ್ರಾಮಾಣಿಕನಿಗೆ ಅದಕ್ಕಿಂತ ದೊಡ್ಡ ದಂಡವೂ ಬೇಕಿಲ್ಲ.

ನಾಲ್ವತ್ತು ಕೋಟಿ ವರ್ಷ ಲೆಕ್ಕ ತಪ್ಪದೆ ನಡೆದ ಅಂಗಡಿ ಇದು. ನಮ್ಮ ಕಾಲದಲ್ಲಿ, ನಮ್ಮ ಜಿಲ್ಲೆಯಲ್ಲಿ ಬಾಗಿಲು ಮುಚ್ಚಿತು ಎಂಬ ಅಪವಾದ ಬರುವ ಮುನ್ನ ಸಂಬಂಧಪಟ್ಟವರು ಕಣ್ಣು ತೆರೆಯುವರೇ?